ಕರೆ ಮತ್ತು ಕೆಲಸ: ಕ್ರೈಸ್ತ ಯುವಜನ ಸೇವೆಯಲ್ಲಿ ವೃತ್ತಿಗತ ಆಶಾಭಂಗ

ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಾಟೆಸ್ಟೆಂಟ್ ಕ್ರೈಸ್ತಸಭೆಗಳಲ್ಲಿ ಯುವಜನ ಸೇವಕರೆಂಬ ಸಂಬಳದ ಕಾರ್ಯಕರ್ತರಿದ್ದಾರೆ. ಹನ್ನೆರಡರಿಂದ ಹದಿನೆಂಟು ವರ್ಷದವರೆಗಿನ ಹುಡುಗ ಹುಡುಗಿಯರನ್ನು ವಾರಕ್ಕೆ ಒಂದೆರಡು ಬಾರಿ ಒಂದೆಡೆ ಸೇರಿಸಿ ಸತ್ಯವೇದವನ್ನು ಬೋಧಿಸುವುದು, ಆಟವಾಡಿಸುವುದು, ಬೇಸಗೆಯಲ್ಲಿ ಶಿಬಿರಕ್ಕೆ ಕರೆದೊಯ್ಯುವುದು, ಮನೆಯಲ್ಲಿ ಜಗಳವಾಡಿ ಬಂದವನ ಮಾತಿಗೆ ಕಿವಿಗೊಡುವುದು, ಆಸ್ಪತ್ರೆಯಲ್ಲಿ ಮಲಗಿರುವವಳನ್ನು ನೋಡಿಬರುವುದು, ಇವೆಲ್ಲವೂ ಅವರ ಪಾಲಿನ ಕಾರ್ಯಗಳು. ಈ ವೃತ್ತಿಗೆ ಬರುವವರಲ್ಲಿ ಬಹುಮಂದಿ ಕಾಲೇಜನ್ನು ಬಿಟ್ಟು ಹೆಚ್ಚು ಕಾಲವಾಗಿರದ ತರುಣರು. ಬರುವಾಗ ಅವರಲ್ಲಿರುವ ಉತ್ಸಾಹವು ಅಸಾಧಾರಣವಾದುದು. ಕೆಲವೇ ವರ್ಷಗಳಲ್ಲಿ ಬೇಸತ್ತು ಹೊರಟುಹೋಗುವವರ ಸಂಖ್ಯೆಯೂ ಅಲ್ಪವಲ್ಲ. ಇಂಥವರು ಒಂದು ಸಭೆಯಲ್ಲಿ ಸರಾಸರಿ ಹದಿನೆಂಟು ತಿಂಗಳು ಮಾತ್ರ ನಿಲ್ಲುತ್ತಾರೆಂಬ ಮಾತು ಆ ವಲಯದಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ಹರಿದುಬಂದಿದೆ. ಪರಿಶೀಲಿಸಿ ನೋಡಿದವರು ಆ ಲೆಕ್ಕವನ್ನು ಒಪ್ಪಿಲ್ಲ. ಆದರೆ ಆಧಾರವಿಲ್ಲದ ಆ ಮಾತು ಇಷ್ಟು ಸುಲಭವಾಗಿ ನಂಬಿಕೆಗೆ ಪಾತ್ರವಾಯಿತೆಂಬುದೇ, ವೃತ್ತಿಯಲ್ಲಿರುವವರ ಮನಸ್ಸು ಎತ್ತ ಓಡುತ್ತಿದೆಯೆಂಬುದಕ್ಕೆ ಸಾಕ್ಷಿಯಾಗಿದೆ.

ಹೊರಟುಹೋಗುವವರ ಸಂಖ್ಯೆಗಿಂತ ಅವರು ಕೊಂಡೊಯ್ಯುವ ತೀರ್ಪು ಹೆಚ್ಚು ವಿಚಾರಾರ್ಹವೆಂದು ನಾವು ಭಾವಿಸುತ್ತೇವೆ. ಗುಮಾಸ್ತೆಯ ಕೆಲಸವನ್ನು ಬಿಟ್ಟವನು ಆ ಕೆಲಸ ತನಗೆ ಹಿಡಿಸಲಿಲ್ಲವೆಂದು ಹೇಳಿ ಸುಮ್ಮನಾಗುತ್ತಾನೆ. ಯುವಜನ ಸೇವೆಯನ್ನು ಬಿಟ್ಟವನು ಹಾಗೆ ಹೇಳಲಾರ. ತನ್ನ ವಿಶ್ವಾಸವೇ ಬಲಹೀನವಾಗಿತ್ತೆಂದೋ, ದೇವರು ತನ್ನನ್ನು ಕರೆದಿರಲೇ ಇಲ್ಲವೆಂದೋ ಅವನು ನಿರ್ಣಯಿಸಿಕೊಳ್ಳುತ್ತಾನೆ. ಈ ನಿರ್ಣಯವು ಬಹುಪಾಲು ಸಂದರ್ಭಗಳಲ್ಲಿ ತಪ್ಪಾದುದೆಂದೂ, ಆಶಾಭಂಗದ ಮೂಲವು ಸೇವಕನ ಹೃದಯದಲ್ಲಿರುವುದಕ್ಕಿಂತ ಹೆಚ್ಚಾಗಿ ಆ ಹುದ್ದೆಯ ಕಟ್ಟಡದಲ್ಲಿಯೇ ಇದೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯವು ದೂರದ್ದೆಂದು ಓದುಗರಿಗೆ ತೋರಬಹುದು. ಆದರೆ ಅಧ್ಯಾಪನ, ಶುಶ್ರೂಷೆ, ಸಮಾಜಸೇವೆ ಮೊದಲಾಗಿ ಸಂಬಳಕ್ಕಿಂತ ಮಿಗಿಲಾದುದೊಂದನ್ನು ನಂಬಿ ಮಾಡುವ ಸಕಲ ವೃತ್ತಿಗಳ ಕಷ್ಟವೂ ಇಲ್ಲಿ ಸಾಂದ್ರವಾಗಿ ಕಾಣಸಿಗುತ್ತದೆ.

ಮೊದಲು ಈ ಹುದ್ದೆಯು ಹೇಗೆ ರೂಪುಗೊಂಡಿತೆಂಬುದನ್ನು ನೋಡಬೇಕು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ನಗರದಲ್ಲಿ ಬಡಮಕ್ಕಳಿಗಾಗಿ ಭಾನುವಾರದ ಶಾಲೆಯನ್ನು ನಡೆಸಿ ಅದರ ಪ್ರಸಾರಕ್ಕೆ ಕಾರಣರಾದ ರಾಬರ್ಟ್ ರೈಕ್ಸ್ ಪತ್ರಿಕೆಯೊಂದರ ಒಡೆಯರು. 1844ರಲ್ಲಿ ಲಂಡನ್ನಿನಲ್ಲಿ ಯಂಗ್ ಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಗೆಳೆಯರೊಡನೆ ಸ್ಥಾಪಿಸಿದ ಜಾರ್ಜ್ ವಿಲಿಯಮ್ಸ್ ಬಟ್ಟೆಯಂಗಡಿಯ ಕೆಲಸಗಾರರು. 1881ರಲ್ಲಿ ಮೇನ್ ಸಂಸ್ಥಾನದ ಪೋರ್ಟ್‌ಲೆಂಡ್‌ನಲ್ಲಿ ಕ್ರಿಶ್ಚಿಯನ್ ಎಂಡೆವರ್ ಸಂಘವನ್ನು ಪ್ರಾರಂಭಿಸಿದ ಫ್ರಾನ್ಸಿಸ್ ಕ್ಲಾರ್ಕ್ ಆ ಸಭೆಯ ಪಾಲಕರೇ ಆಗಿದ್ದರು. ಇವರಲ್ಲಿ ಯಾರೂ ಯುವಜನರ ಸೇವೆಯಿಂದಲೇ ಹೊಟ್ಟೆ ಹೊರೆದವರಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹೈಸ್ಕೂಲ್ ಶಿಕ್ಷಣವು ಅಮೆರಿಕದಲ್ಲಿ ಸಾರ್ವತ್ರಿಕವಾಗಿ, ಹದಿಹರೆಯದವರು ಒಂದು ಪ್ರತ್ಯೇಕ ವರ್ಗವಾಗಿ ಎದ್ದು ಕಾಣತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಟೆಕ್ಸಸ್‌ನಲ್ಲಿ ಜಿಮ್ ರೇಬರ್ನ್ ಅವರು 1941ರಲ್ಲಿ ಯಂಗ್ ಲೈಫ್ ಎಂಬ ಸಂಸ್ಥೆಯನ್ನು ವಿಧ್ಯುಕ್ತವಾಗಿ ಸ್ಥಾಪಿಸಿದರು. ಅದೇ ದಶಕದ ಮಧ್ಯಭಾಗದಲ್ಲಿ ಯೂತ್ ಫಾರ್ ಕ್ರೈಸ್ಟ್ ಸಂಸ್ಥೆಯು ಹುಟ್ಟಿತು. ಮುಂದೆ ಜಗತ್ಪ್ರಸಿದ್ಧರಾದ ಬಿಲ್ಲಿ ಗ್ರಹಾಮ್ ಅದರ ಮೊದಲ ಪೂರ್ಣಾವಧಿ ಕಾರ್ಯಕರ್ತರಾಗಿದ್ದರು. ಈ ಸಂಸ್ಥೆಗಳು ತೋರಿಸಿಕೊಟ್ಟ ಮಾದರಿಯನ್ನು ಅನುಸರಿಸಿ ಸ್ಥಳೀಯ ಸಭೆಗಳೂ ಕ್ರಮೇಣ ತಮ್ಮ ಸ್ವಂತ ಸೇವಕರನ್ನು ಸಂಬಳ ಕೊಟ್ಟು ನೇಮಿಸಿಕೊಂಡವು. ಹವ್ಯಾಸವಾಗಿದ್ದುದು ಉದ್ಯೋಗವಾಯಿತು, ಆದರೆ ಅದರ ಭಾಷೆ ಮಾತ್ರ ಹಳೆಯದಾಗಿಯೇ ಉಳಿಯಿತು.

ಆ ಭಾಷೆಯ ತಿರುಳು ‘ಕರೆ’ ಎಂಬ ಪದ. ದೇವರ ಕರೆಯು ಸನ್ಯಾಸಿಗಳಿಗೂ ಪಾದ್ರಿಗಳಿಗೂ ಮೀಸಲಲ್ಲ, ಚಮ್ಮಾರನಿಗೂ ಗೃಹಿಣಿಗೂ ಅದು ಉಂಟು ಎಂದು ಮಾರ್ಟಿನ್ ಲೂಥರರು ಸಾರಿದರು. ಜರ್ಮನ್ ಭಾಷೆಯಲ್ಲಿ ಕರೆಗೂ ಉದ್ಯೋಗಕ್ಕೂ ಒಂದೇ ಪದ ಬಳಕೆಗೆ ಬಂದುದರ ಮಹತ್ವವನ್ನು ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ್ದಾರೆ. ಕನ್ನಡಿಗರಿಗೆ ಇಲ್ಲಿ ಶರಣರ ಕಾಯಕ ತತ್ತ್ವವು ನೆನಪಿಗೆ ಬರುವುದು ಸಹಜ. ಹೋಲಿಕೆಯನ್ನು ದೂರ ಎಳೆಯಬಾರದು. ಆದರೂ ದುಡಿಮೆಗೆ ಪಾವಿತ್ರ್ಯವನ್ನು ಕೊಡುವ ಯಾವ ತತ್ತ್ವವೇ ಆಗಲಿ, ದುಡಿಯುವವನಿಗೆ ಬಲವನ್ನು ಕೊಡುವಂತೆಯೇ ಅವನನ್ನು ದುಡಿಸಿಕೊಳ್ಳುವವರ ಕೈಯಲ್ಲಿ ಒಂದು ಆಯುಧವೂ ಆಗಬಲ್ಲದೆಂಬುದು ಎರಡು ಕಡೆಗೂ ಸಲ್ಲುವ ಮಾತು. ಇದಕ್ಕೆ ಅನಿರೀಕ್ಷಿತವಾದ ಕಡೆಯಿಂದ ಪುಷ್ಟಿ ದೊರೆತಿದೆ. ಸ್ಟುವರ್ಟ್ ಬಂಡರ್ಸನ್ ಮತ್ತು ಜೆಫ್ರಿ ಥಾಂಪ್ಸನ್ ಎಂಬ ವಿದ್ವಾಂಸರು ಮೃಗಾಲಯಗಳ ಪ್ರಾಣಿಪಾಲಕರನ್ನು ಅಧ್ಯಯನ ಮಾಡಿ 2009ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಪ್ರಾಣಿಗಳ ಪಾಲನೆಯೇ ತಮ್ಮ ಹುಟ್ಟಿನ ಉದ್ದೇಶವೆಂದು ನಂಬಿದ್ದವರು ಕೆಲಸದಲ್ಲಿ ಹೆಚ್ಚಿನ ಅರ್ಥವನ್ನು ಕಂಡರು. ಅವರೇ ಕಡಿಮೆ ಸಂಬಳವನ್ನೂ ಸ್ವಂತ ಸುಖದ ತ್ಯಾಗವನ್ನೂ ಒಪ್ಪಿಕೊಳ್ಳುವವರು, ಮೇಲಧಿಕಾರಿಗಳು ತಮ್ಮ ನಿಷ್ಠೆಯನ್ನು ದುರುಪಯೋಗಪಡಿಸಿಕೊಳ್ಳುತ್ತಾರೆಂದು ಶಂಕಿಸುವವರು ಕೂಡ. ಕರೆಯು ಎರಡಲಗಿನ ಕತ್ತಿಯೆಂಬುದು ಆ ವಿದ್ವಾಂಸರ ನಿಗಮನ.

ಇನ್ನು ಆಶಾಭಂಗದ ವಿಚಾರ. ಗುರಿಯತ್ತ ಸಾಗುವ ವರ್ತನೆಗೆ ಅಡ್ಡಿ ಬಂದಾಗ ಉಂಟಾಗುವ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞರು ಈ ಹೆಸರಿನಿಂದ ಕರೆಯುತ್ತಾರೆ. 1939ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಜಾನ್ ಡಾಲರ್ಡ್ ಮತ್ತು ಅವರ ಸಂಗಡಿಗರು, ಆಶಾಭಂಗವು ಯಾವಾಗಲೂ ಆಕ್ರಮಣಶೀಲತೆಗೆ ಎಡೆಮಾಡುತ್ತದೆಯೆಂದು ಪ್ರತಿಪಾದಿಸಿದರು. ಎರಡು ವರ್ಷಗಳಲ್ಲಿಯೇ ಆ ತಂಡದ ನೀಲ್ ಮಿಲ್ಲರ್ ಈ ಮಾತನ್ನು ತಿದ್ದಿ, ಆಕ್ರಮಣವು ಹಲವು ಪ್ರತಿಕ್ರಿಯೆಗಳಲ್ಲಿ ಒಂದು ಮಾತ್ರವೆಂದರು. ಯುವಜನ ಸೇವಕನಿಗೆ ಈ ತಿದ್ದುಪಡಿ ಚೆನ್ನಾಗಿ ಅನ್ವಯಿಸುತ್ತದೆ. ಸಭಾಪಾಲಕರ ಮೇಲೆ ಕೋಪವನ್ನು ತೋರುವುದು ಅವನಿಗೆ ಪಾಪವಾಗಿ ಕಾಣುತ್ತದೆ. ಹುಡುಗರ ಮೇಲೆ ತೋರುವುದು ಇನ್ನೂ ದೊಡ್ಡ ಪಾಪ. ಹೊರಕ್ಕೆ ದಾರಿಯಿಲ್ಲದ ಕೋಪವು ಒಳಕ್ಕೆ ತಿರುಗಿ, ತನ್ನ ಪ್ರಾರ್ಥನೆ ಸಾಲದು, ತನ್ನ ತ್ಯಾಗ ಸಾಲದು ಎಂಬ ಆತ್ಮನಿಂದೆಯಾಗುತ್ತದೆ. ಅದನ್ನು ಅವನೂ ಅವನ ಹಿತೈಷಿಗಳೂ ಭಕ್ತಿಯೆಂದೇ ತಪ್ಪಾಗಿ ತಿಳಿಯುವುದುಂಟು.

ಅಡ್ಡಿಯು ಎಲ್ಲಿಂದ ಬರುತ್ತದೆ? ರಾಬರ್ಟ್ ಕಾನ್ ಮತ್ತು ಅವರ ಸಹೋದ್ಯೋಗಿಗಳು 1964ರಲ್ಲಿ ಹೊರತಂದ ಗ್ರಂಥದಲ್ಲಿ ಪಾತ್ರಸಂಘರ್ಷ, ಪಾತ್ರದ ಅಸ್ಪಷ್ಟತೆ ಎಂಬ ಎರಡು ಭಾವನೆಗಳನ್ನು ವಿಶದಪಡಿಸಿದರು. ಒಂದು ಹುದ್ದೆಯಲ್ಲಿರುವವನಿಂದ ಬೇರೆ ಬೇರೆ ಜನರು ಪರಸ್ಪರ ಹೊಂದದ ಕಾರ್ಯಗಳನ್ನು ಬಯಸುವುದು ಮೊದಲನೆಯದು. ತನ್ನಿಂದ ಬಯಸುತ್ತಿರುವುದೇನೆಂಬುದೇ ಅವನಿಗೆ ಸ್ಪಷ್ಟವಾಗದಿರುವುದು ಎರಡನೆಯದು. ಕಾರ್ಖಾನೆ ಕಛೇರಿಗಳನ್ನು ನೋಡಿ ಬರೆದ ಈ ಗ್ರಂಥವು ಯುವಜನ ಸೇವಕನನ್ನು ಎದುರಿಗಿಟ್ಟುಕೊಂಡು ಬರೆದಂತಿದೆ. ಸಭಾಪಾಲಕರು ಬಯಸುವುದು ಭಾನುವಾರದ ಆರಾಧನೆಗೆ ಯುವಜನರು ಬಂದು ಕೂಡಬೇಕೆಂದು. ತಂದೆತಾಯಿಗಳು ಬಯಸುವುದು ಮಗನು ಸಿಗರೇಟಿಗೂ ಕೆಟ್ಟ ಸಹವಾಸಕ್ಕೂ ಬೀಳದಿರಬೇಕೆಂದು. ಸಭೆಯ ಹಿರಿಯರಿಗೆ ಕಟ್ಟಡದ ನೆಲಗಂಬಳಿಯ ಮೇಲೆ ಹಣ್ಣಿನ ರಸ ಚೆಲ್ಲದಿದ್ದರೆ ಸಾಕು. ಮೇಲೆ ಸಂಖ್ಯೆಯೂ ಬೆಳೆಯಬೇಕು. ಹುಡುಗರಿಗೆ ಬೇಕಾದವನು ಒಬ್ಬ ಅಣ್ಣ, ಅವರ ಗುಟ್ಟನ್ನು ಹಿರಿಯರಿಗೆ ಹೇಳದವನು. ಒಬ್ಬ ಹುಡುಗನು ತನ್ನ ತಂದೆಯ ಕುಡಿತದ ವಿಚಾರವನ್ನು ಸೇವಕನಿಗೆ ತಿಳಿಸಿದನೆಂದೂ, ಆ ತಂದೆಯೇ ಸಭೆಯ ಆಡಳಿತ ಸಮಿತಿಯಲ್ಲಿದ್ದಾನೆಂದೂ ಊಹಿಸಿದರೆ, ಸಂಘರ್ಷವೆಂಬುದು ಪುಸ್ತಕದ ಮಾತಲ್ಲವೆಂದು ತಿಳಿಯುತ್ತದೆ. ಅಸ್ಪಷ್ಟತೆಯಂತೂ ಇನ್ನೂ ಹೆಚ್ಚು. ಅನೇಕ ಸಭೆಗಳಲ್ಲಿ ಈ ಕೆಲಸದ ವಿವರವು ಬರೆಹದಲ್ಲಿ ಇರುವುದಿಲ್ಲ. ಇದ್ದರೂ ಕೊನೆಯ ಸಾಲಿನಲ್ಲಿ ಸಭಾಪಾಲಕರು ವಹಿಸುವ ಇತರ ಕಾರ್ಯಗಳೆಂಬ ಮಾತು ಸೇರಿಕೊಂಡಿರುತ್ತದೆ. ಕುರ್ಚಿಗಳನ್ನು ಜೋಡಿಸುವುದು, ವಾಹನ ನಡೆಸುವುದು, ಕಂಪ್ಯೂಟರನ್ನು ಸರಿಪಡಿಸುವುದು ಎಲ್ಲವೂ ಆ ಸಾಲಿನೊಳಗೆ ಅಡಗುತ್ತವೆ.

ಫಲದ ಅಳತೆಯು ಮತ್ತೊಂದು ತೊಡಕು. ಕಾಲೇಜಿನ ಅಧ್ಯಾಪಕರಿಗೆ ಇದು ಅರ್ಥವಾಗದ ಮಾತಲ್ಲ. ಹುಡುಗನು ಸ್ವಲ್ಪ ಬಲಿತು ಕಾಣುವ ಹೊತ್ತಿಗೆ ಅವನು ಹೈಸ್ಕೂಲ್ ಮುಗಿಸಿ ಬೇರೆ ಊರಿಗೆ ಹೊರಟುಹೋಗುತ್ತಾನೆ. ಮರು ವರ್ಷ ಹನ್ನೆರಡು ವಯಸ್ಸಿನವರೊಡನೆ ಕೆಲಸವು ಮೊದಲಿನಿಂದ ಆರಂಭವಾಗುತ್ತದೆ. ಆದರೆ ಅಧ್ಯಾಪಕನಿಗೆ ಪರೀಕ್ಷೆಯ ಫಲಿತಾಂಶವಾದರೂ ಇದೆ. ಸೇವಕನಿಗೆ ಇರುವುದು ಹಾಜರಿಯೊಂದೇ. ಕ್ರಿಶ್ಚಿಯನ್ ಸ್ಮಿತ್ ಅವರ ನೇತೃತ್ವದಲ್ಲಿ ನಡೆದು 2005ರಲ್ಲಿ ಗ್ರಂಥರೂಪವಾಗಿ ಬಂದ ಅಧ್ಯಯನದಲ್ಲಿ, 13ರಿಂದ 17 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಕಿಶೋರರನ್ನು ದೂರವಾಣಿಯ ಮೂಲಕ ವಿಚಾರಿಸಲಾಯಿತು. ಕಿಶೋರರ ಧಾರ್ಮಿಕ ಜೀವನವನ್ನು ರೂಪಿಸುವವರಲ್ಲಿ ತಂದೆತಾಯಿಗಳೇ ಪ್ರಮುಖರೆಂಬುದು ಅದರ ಮುಖ್ಯ ತೀರ್ಮಾನಗಳಲ್ಲೊಂದು. ಇದರ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಬಹುಪಾಲು ಮನೆಯಲ್ಲಿ ನಿರ್ಧಾರವಾಗುವ ಒಂದು ಫಲಕ್ಕೆ, ವಾರದಲ್ಲಿ ಎರಡು ಮೂರು ಗಂಟೆ ಮಾತ್ರ ಹುಡುಗನನ್ನು ಕಾಣುವ ವ್ಯಕ್ತಿಯನ್ನು ಹೊಣೆಯಾಗಿಸಲಾಗಿದೆ. ಇಂಥ ಏರ್ಪಾಡಿನಲ್ಲಿ ಆಶಾಭಂಗವು ಆಕಸ್ಮಿಕವಲ್ಲ.

ನ್ಯಾಯಾಲಯದ ಬಾಗಿಲೂ ಈ ಕೆಲಸಗಾರರಿಗೆ ಅಷ್ಟಾಗಿ ತೆರೆದಿಲ್ಲವೆಂಬುದನ್ನು ಸೇರಿಸಬೇಕು. ಧಾರ್ಮಿಕ ಸಂಸ್ಥೆಯು ತನ್ನ ಧರ್ಮಸೇವಕರನ್ನು ಆರಿಸುವ ಮತ್ತು ತೆಗೆದುಹಾಕುವ ವಿಷಯದಲ್ಲಿ ಉದ್ಯೋಗದ ತಾರತಮ್ಯವನ್ನು ನಿಷೇಧಿಸುವ ಕಾನೂನುಗಳು ಅನ್ವಯಿಸಲಾರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. 2020ರಲ್ಲಿ ಅದರ ವ್ಯಾಪ್ತಿಯನ್ನು ಇನ್ನಷ್ಟು ವಿಸ್ತರಿಸಿತು. ಧರ್ಮಸ್ವಾತಂತ್ರ್ಯದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯುಂಟು. ಆದರೆ ಸಂಬಳಗಾರನ ದೃಷ್ಟಿಯಿಂದ ನೋಡಿದಾಗ, ಇತರ ಉದ್ಯೋಗಿಗಳಿಗೆ ದೊರೆಯುವ ರಕ್ಷಣೆಯ ಒಂದು ಭಾಗವು ಅವನಿಗೆ ತಪ್ಪುತ್ತದೆ.

ಮೇಲೆ ವಿವರಿಸಿದ ಆಶಾಭಂಗವನ್ನೂ ಬರ್ನ್‌ಔಟ್ ಎಂದು ಈಚೆಗೆ ಎಲ್ಲರ ಬಾಯಲ್ಲಿರುವ ಸ್ಥಿತಿಯನ್ನೂ ಒಂದೆಂದು ತಿಳಿಯಬಾರದು. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಸ್ವಯಂಸೇವಕರೊಡನೆ ದುಡಿದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಈ ಪದವನ್ನು ಶಾಸ್ತ್ರೀಯ ಚರ್ಚೆಗೆ ತಂದರು. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದರ ಮೂರು ಅಂಗಗಳನ್ನು ಅಳೆಯುವ ಪ್ರಶ್ನಾವಳಿಯನ್ನು ಕೊಟ್ಟರು: ಭಾವನೆಗಳು ಬತ್ತಿಹೋಗುವುದು, ಎದುರಿನ ಮನುಷ್ಯನನ್ನು ವಸ್ತುವಿನಂತೆ ಕಾಣುವುದು, ತಾನು ಏನನ್ನೂ ಸಾಧಿಸಲಿಲ್ಲವೆನಿಸುವುದು. 2019ರಲ್ಲಿ ಅಂಗೀಕಾರವಾದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ಇದನ್ನು ರೋಗವೆಂದು ಎಣಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ಒಂದು ವಿದ್ಯಮಾನವೆಂದು ನಮೂದಿಸಿದೆ. ಆಶಾಭಂಗಕ್ಕೊಳಗಾದವನಲ್ಲಿ ಇನ್ನೂ ಬಯಕೆಯಿದೆ, ಅದಕ್ಕೆ ಅಡ್ಡಿಯಿದೆ. ಬರ್ನ್‌ಔಟ್ ಆದವನಲ್ಲಿ ಬಯಕೆಯೇ ಎಣ್ಣೆ ತೀರಿದ ದೀಪದಂತೆ ಆರಿದೆ. ಮೊದಲನೆಯವನಿಗೆ ರಜೆಯನ್ನು ಕೊಟ್ಟು ಕಳುಹಿಸಿದರೆ ಅವನು ಅದೇ ಸಿಟ್ಟಿನೊಡನೆ ಹಿಂತಿರುಗುತ್ತಾನೆ; ಎರಡನೆಯವನೊಡನೆ ಆಡಳಿತದ ಸುಧಾರಣೆಯನ್ನು ಚರ್ಚಿಸುವುದು ನಿರರ್ಥಕ.

ಈ ಭೇದವನ್ನು ಹಳೆಯ ಒಡಂಬಡಿಕೆಯ ಎರಡು ಪ್ರಸಂಗಗಳು ಚೆನ್ನಾಗಿ ಬಲ್ಲವು. ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಮಹಾವಿಜಯವನ್ನು ಪಡೆದ ಮೇಲೆ ರಾಣಿಯ ಬೆದರಿಕೆಗೆ ಅಂಜಿ ಅರಣ್ಯಕ್ಕೆ ಓಡಿ, ಒಂದು ಗಿಡದ ಕೆಳಗೆ ಕುಳಿತು ಮರಣವನ್ನು ಬೇಡುತ್ತಾನೆ. ಅವನಿಗೆ ದೊರೆಯುವುದು ಉಪದೇಶವಲ್ಲ. ದೂತನು ಅವನಿಗೆ ರೊಟ್ಟಿಯನ್ನೂ ನೀರನ್ನೂ ಕೊಡುತ್ತಾನೆ, ಮತ್ತೆ ನಿದ್ರಿಸಗೊಡುತ್ತಾನೆ, ಎಬ್ಬಿಸಿ ಇನ್ನೊಮ್ಮೆ ಉಣಿಸುತ್ತಾನೆ. ಅನಂತರ ಹೋರೇಬಿನಲ್ಲಿ ಅವನ ದೂರನ್ನು ಎರಡು ಬಾರಿ ಕೇಳಲಾಗುತ್ತದೆ. ಕೊನೆಗೆ ಅವನಿಗೆ ಮೂವರನ್ನು ಅಭಿಷೇಕಿಸುವ ನಿರ್ದಿಷ್ಟ ಕೆಲಸವು ಸಿಗುತ್ತದೆ. ಆ ಮೂವರಲ್ಲಿ ಒಬ್ಬನು ಅವನ ಉತ್ತರಾಧಿಕಾರಿಯೇ. ತಾನೊಬ್ಬನೇ ಉಳಿದೆನೆಂಬ ಅವನ ಲೆಕ್ಕವನ್ನೂ ಏಳು ಸಾವಿರವೆಂದು ತಿದ್ದಲಾಗುತ್ತದೆ. ಮೋಶೆಯ ಪ್ರಸಂಗವು ಬೇರೆ ಬಗೆಯದು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಅವನನ್ನು ನೋಡಿದ ಮಾವ ಇತ್ರೋನನು ಅವನ ಭಕ್ತಿಯನ್ನು ಪ್ರಶ್ನಿಸಲಿಲ್ಲ, ವಿಶ್ರಾಂತಿಗೂ ಕಳುಹಿಸಲಿಲ್ಲ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರಂತೆ ಅಧಿಪತಿಗಳನ್ನು ನೇಮಿಸಿ ಕೆಲಸವನ್ನು ಹಂಚಬೇಕೆಂದನು. ದಣಿದವನಿಗೆ ಅನ್ನ, ನಿದ್ರೆ, ಜೊತೆಗಾರ; ಕೆಲಸವೇ ಕೆಟ್ಟಿರುವಲ್ಲಿ ಕೆಲಸದ ಮರುವಿಂಗಡಣೆ. ಇಂದಿನ ಪ್ರಶ್ನಾವಳಿಗಳು ಇದಕ್ಕಿಂತ ಬಹಳ ಮುಂದೆ ಹೋಗಿವೆಯೆಂದು ಹೇಳಲಾರೆವು.

ನಮ್ಮ ವಾದಕ್ಕೆ ಅತ್ಯಂತ ಸಮೀಪದ ನಿದರ್ಶನವು ಬರ್ಲಿನ್ನಿನಲ್ಲಿ ದೊರೆಯುತ್ತದೆ. ಮುಂದೆ 1945ರಲ್ಲಿ ನಾಟ್ಸಿಗಳಿಂದ ಗಲ್ಲಿಗೇರಿಸಲ್ಪಟ್ಟ ಡೀಟ್ರಿಖ್ ಬೋನ್‌ಹಾಫರ್ 1931ರ ಕೊನೆಯಲ್ಲಿ ವಿಶ್ವವಿದ್ಯಾನಿಲಯದ ತರುಣ ಅಧ್ಯಾಪಕರಾಗಿದ್ದರು. ನಗರದ ಬಡ ಕಾರ್ಮಿಕರ ಕೇರಿಯೊಂದರಲ್ಲಿ ಸ್ಥಿರೀಕರಣ ಸಂಸ್ಕಾರಕ್ಕೆ ಸಿದ್ಧರಾಗಬೇಕಿದ್ದ ಸುಮಾರು ಐವತ್ತು ಹುಡುಗರ ತರಗತಿಯನ್ನು ಅವರಿಗೆ ವಹಿಸಲಾಯಿತು. ಅವರ ಹಿಂದಿನ ವೃದ್ಧ ಪಾದ್ರಿಗಳನ್ನು ಆ ಹುಡುಗರು ಗೋಳುಹೊಯ್ದುಕೊಂಡಿದ್ದರು. ಆ ಹಿರಿಯರು ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡರು. ಹೊಸಬರನ್ನೂ ಮೆಟ್ಟಿಲ ಮೇಲಿಂದ ಕೂಗಾಟದಿಂದಲೇ ಸ್ವಾಗತಿಸಿದರು. ಬೋನ್‌ಹಾಫರ್ ಗದರಲಿಲ್ಲ, ಮೆಲುದನಿಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಕಥೆಗಳನ್ನು ಹೇಳತೊಡಗಿದರು. 1932ರ ಆರಂಭದಲ್ಲಿ ಅದೇ ಕೇರಿಯಲ್ಲಿ ಬಾಡಿಗೆಯ ಕೋಣೆಯೊಂದನ್ನು ಹಿಡಿದು, ಸಂಜೆ ಹುಡುಗರು ಬಂದುಹೋಗುವಂತೆ ಬಾಗಿಲನ್ನು ತೆರೆದಿಟ್ಟರು. ಮನೆಮನೆಗೆ ಹೋದರು, ಆ ಭೇಟಿಗಳಿಗೆ ತಮ್ಮ ದೇವಜ್ಞಾನದ ಪಾಂಡಿತ್ಯವು ಏನೇನೂ ಸಿದ್ಧಪಡಿಸಿರಲಿಲ್ಲವೆಂದು ಮಿತ್ರರೊಬ್ಬರಿಗೆ ಬರೆದರು. ಸಂಸ್ಕಾರದ ದಿನಕ್ಕೆ ಹುಡುಗರಿಗೆ ಉಡುಪಾಗಲೆಂದು ಬಟ್ಟೆಯನ್ನೂ ಕೊಂಡುಕೊಟ್ಟರು. ಮಾರ್ಚ್ ತಿಂಗಳಿನಲ್ಲಿ ಸಂಸ್ಕಾರವು ನೆರವೇರಿತು.

ಈ ಕಥೆ ಹೆಚ್ಚು ಪ್ರಚಾರದಲ್ಲಿದೆ. ಇದರ ಜೊತೆಗೆ ಹೇಳಬೇಕಾದ ಇನ್ನೊಂದು ಕಥೆ ಅಷ್ಟು ಪ್ರಚಾರದಲ್ಲಿಲ್ಲ. ಅದೇ ವರ್ಷಗಳಲ್ಲಿ ಅವರು ಷಾರ್ಲಟನ್‌ಬರ್ಗಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪಾದ್ರಿಯಾಗಿಯೂ ನಿಯುಕ್ತರಾಗಿದ್ದರು. ಅಲ್ಲಿ ವಿದ್ಯಾರ್ಥಿಗಳು ಅಷ್ಟಾಗಿ ಬರಲಿಲ್ಲ. ಕೆಲಸವು ಬೇರೂರದೆ 1933ರಲ್ಲಿ ಮುಗಿಯಿತು. ಮನುಷ್ಯನೂ ಅವನೇ, ವಿಶ್ವಾಸವೂ ಅದೇ, ಕಾಲವೂ ಅದೇ. ಒಂದು ಕಡೆ ನಿರ್ದಿಷ್ಟ ಹುಡುಗರು, ನಿರ್ದಿಷ್ಟ ಅವಧಿ, ಮನೆಗಳಿಗೆ ಪ್ರವೇಶ, ಕಣ್ಣಿಗೆ ಕಾಣುವ ಒಂದು ಮುಕ್ತಾಯ ಇದ್ದವು. ಇನ್ನೊಂದು ಕಡೆ ಯಾರೂ ಬಯಸಿ ಕೇಳದಿದ್ದ ಒಂದು ಹುದ್ದೆ ಇತ್ತು. ಅಲ್ಲಿ ಸೋತುದನ್ನು ಭಕ್ತಿಯ ಸೋಲೆಂದು ಕರೆಯುವ ಧೈರ್ಯ ಯಾರಿಗಿದೆ? ಬೋನ್‌ಹಾಫರರಿಗೆ ಊಟವು ಈ ಎರಡರಿಂದಲೇ ಬರಬೇಕಾಗಿರಲಿಲ್ಲವೆಂಬುದೂ ಸಣ್ಣ ಸಂಗತಿಯಲ್ಲ.

ಹಾಗಾದರೆ ಕಷ್ಟದಲ್ಲಿರುವ ಸೇವಕನು ಮಾಡಬೇಕಾದುದೇನು? ಕರೆಯನ್ನೂ ಕೆಲಸವನ್ನೂ ಎರಡು ಬೇರೆ ಹಾಳೆಗಳ ಮೇಲೆ ಬರೆಯುವುದು ಮೊದಲ ಹೆಜ್ಜೆ. ಫ್ರೆಡೆರಿಕ್ ಹರ್ಟ್ಸ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗಿನ ಸುಮಾರು ಇನ್ನೂರು ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ 1959ರಲ್ಲಿ ಹೇಳಿದ್ದು ಇಲ್ಲಿ ಉಪಯುಕ್ತ. ತೃಪ್ತಿಯನ್ನು ಕೊಡುವ ಅಂಶಗಳು ಬೇರೆ, ಅತೃಪ್ತಿಯನ್ನು ಉಂಟುಮಾಡುವ ಅಂಶಗಳು ಬೇರೆ. ಸಾಧನೆ ಮತ್ತು ಕೆಲಸದ ಸ್ವರೂಪವು ಮೊದಲನೆಯ ಗುಂಪಿಗೂ, ಸಂಬಳ, ಮೇಲ್ವಿಚಾರಣೆ, ಆಡಳಿತಕ್ರಮಗಳು ಎರಡನೆಯದಕ್ಕೂ ಸೇರುತ್ತವೆ. ಅವರ ವಿಧಾನದ ಮೇಲೆ ಆಕ್ಷೇಪಗಳು ಬಂದಿವೆ. ಆದರೂ, ಹುಡುಗರನ್ನು ಪ್ರೀತಿಸುತ್ತಲೇ ಹುದ್ದೆಯನ್ನು ದ್ವೇಷಿಸುವುದು ಸಾಧ್ಯ, ಅದರಲ್ಲಿ ಕಪಟವಿಲ್ಲ ಎಂದು ತಿಳಿದವನಿಗೆ ಅರ್ಧ ಭಾರ ಇಳಿಯುತ್ತದೆ. ಎರಡನೆಯ ಹಾಳೆಯಲ್ಲಿ ಬರೆದುದನ್ನು ಪ್ರಾರ್ಥನೆಯಲ್ಲಿ ಮಾತ್ರವಲ್ಲದೆ, ಅದನ್ನು ಬದಲಿಸುವ ಅಧಿಕಾರವುಳ್ಳವರ ಮುಂದೆಯೂ ಇಡಬೇಕು: ಯಾರಿಗೆ ತಾನು ಉತ್ತರವಾದಿ, ಒಬ್ಬರಿಗೋ ಐವರಿಗೋ, ವಾರದಲ್ಲಿ ಯಾವ ದಿನ ತನ್ನದು, ಹಾಜರಿಯನ್ನು ಬಿಟ್ಟರೆ ಯಾವುದನ್ನು ಕೆಲಸವೆಂದು ಎಣಿಸಲಾಗುವುದು. ತಂದೆತಾಯಿಗಳ ಪ್ರಭಾವವೇ ಪ್ರಮುಖವಾದಲ್ಲಿ ಅವರೊಡನೆ ಕಳೆದ ಗಂಟೆಗಳೂ ಲೆಕ್ಕಕ್ಕೆ ಬರಬೇಕು. ಸಭೆಯ ಹೊರಗೆ, ಸಂಬಳದ ಸಂಬಂಧವಿಲ್ಲದ ಒಬ್ಬ ಹಿರಿಯರೊಡನೆ ತಿಂಗಳಿಗೊಮ್ಮೆಯಾದರೂ ಮನಬಿಚ್ಚಿ ಮಾತನಾಡುವ ಏರ್ಪಾಡು ಅಗತ್ಯ. ಸಭಾಪಾಲಕರೇ ಆಪ್ತಸಲಹೆಗಾರರೂ ಆದಲ್ಲಿ ಆ ಮಾತು ಎಂದಿಗೂ ಪೂರ್ಣವಾಗಿ ಬಿಚ್ಚಿಕೊಳ್ಳುವುದಿಲ್ಲ.

ದೂರನ್ನು ಬಾಯಿಬಿಟ್ಟು ಹೇಳುವುದು ಭಕ್ತಿಗೆ ಕುಂದೆಂಬ ಭಯಕ್ಕೆ ನಮ್ಮ ದೇಶದ ಚರಿತ್ರೆಯೇ ಉತ್ತರ ಕೊಡುತ್ತದೆ. ತಿರುನೆಲ್ವೇಲಿ ಸೀಮೆಯವರಾದ ವಿ. ಎಸ್. ಅಜರಯ್ಯನವರು 1895ರಿಂದ ಸುಮಾರು ಹದಿನಾಲ್ಕು ವರ್ಷ ಯಂಗ್ ಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿ ದಕ್ಷಿಣ ಭಾರತದ ತರುಣರ ನಡುವೆ ದುಡಿದವರು. 1910ರಲ್ಲಿ ಎಡಿನ್‌ಬರೋ ನಗರದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ, ವಿದೇಶೀ ಮಿಷನರಿಗಳು ತ್ಯಾಗವನ್ನು ಮಾಡುತ್ತಾರೆ, ಆದರೆ ಭಾರತೀಯ ಸಹೋದ್ಯೋಗಿಗಳನ್ನು ಸ್ನೇಹಿತರೆಂದು ಕಾಣುವುದಿಲ್ಲವೆಂದು ಅವರೆದುರಿಗೇ ಹೇಳಿದರು. ಸಭಿಕರಲ್ಲಿ ಕೆಲವರಿಗೆ ಅದು ನೋವನ್ನುಂಟುಮಾಡಿತು. ಅಜರಯ್ಯನವರ ಕರೆಗೆ ಅದರಿಂದ ಏನೂ ಆಗಲಿಲ್ಲ. 1912ರಲ್ಲಿ ಅವರು ದೋರ್ಣಕಲ್ಲಿನ ಬಿಷಪ್ಪರಾದರು, ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು. ಯಂಗ್ ಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್ನಿನಲ್ಲಿಯೂ 1916ರಲ್ಲಿ ಕೆ. ಟಿ. ಪಾಲ್ ಅವರು ಮೊದಲ ಭಾರತೀಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದರು.

ಎಲ್ಲ ಯತ್ನಗಳ ನಂತರವೂ ಬಿಡಬೇಕಾದ ಸಂದರ್ಭ ಬರುವುದುಂಟು. ಆಗ ಬಿಡುವುದೇ ಸರಿ. ಪೌಲನು ಕೊರಿಂಥದಲ್ಲಿ ಗುಡಾರಗಳನ್ನು ಮಾಡಿ ಜೀವಿಸುತ್ತ ಬೋಧಿಸಿದನೆಂಬುದನ್ನು ಬಿಡುವವನು ನೆನೆಯಬಹುದು. ಸಂಬಳವಿಲ್ಲದ ಸೇವೆಯು ಸೇವೆಯೇ. ಆದರೆ ಬಿಡುವ ಕ್ರಮವು ಹುಡುಗರ ದೃಷ್ಟಿಯಿಂದ ಮುಖ್ಯವಾದುದು. ಒಂದು ಬುಧವಾರ ಇದ್ದು ಮುಂದಿನ ಬುಧವಾರ ಕಾಣೆಯಾದ ಸೇವಕನನ್ನು, ತಮ್ಮನ್ನು ಬಿಟ್ಟುಹೋದ ಹಿರಿಯರ ಪಟ್ಟಿಗೆ ಅವರು ಸೇರಿಸುತ್ತಾರೆ. ತಂದೆತಾಯಿಗಳ ಬೇರ್ಪಡೆಯನ್ನು ಕಂಡ ಮಕ್ಕಳ ವಿಷಯದಲ್ಲಿ ಇದು ಲಘುವಾದ ಮಾತಲ್ಲ. ದಿನಾಂಕವನ್ನು ಮುಂಚಿತವಾಗಿ ತಿಳಿಸಿ, ಶಾಲಾವರ್ಷವು ಮುಗಿಯುವವರೆಗಾದರೂ ನಿಂತು, ಯಾವ ಹುಡುಗನ ಮನೆಯಲ್ಲಿ ಏನು ಕಷ್ಟವಿದೆಯೆಂಬುದನ್ನು ಆ ಹುಡುಗನ ಒಪ್ಪಿಗೆಯೊಡನೆ ಮುಂದೆ ಬರುವವರಿಗೆ ತಿಳಿಸಿ, ಸಭೆಯ ಜಗಳವನ್ನು ಮಕ್ಕಳ ಮುಂದೆ ತೆರೆದಿಡದೆ ಹೊರಡಬೇಕು. ಹೊಸಬರು ಬಂದ ಮೇಲೆ ಮೊದಲ ಕೆಲವು ತಿಂಗಳು ಹಳೆಯ ಸೇವಕನು ಆ ಹುಡುಗರ ಕೂಟದತ್ತ ಹೋಗದಿರುವುದು ಒಳ್ಳೆಯದು. ಹುಡುಗರು ತಾವಾಗಿ ಬರೆದ ಪತ್ರಗಳಿಗೆ ಉತ್ತರ ಬರೆದರೆ ಸಾಕು.